ದಾರಿ ಮೊದಲೋ, ಮನೆ ಮೊದಲೋ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ 27ನೇ ಮೇನ್‌ನಿಂದ ಹೊರಟು, ಸೋಮಸುಂದರಪಾಳ್ಯ ದಾಟಿ, ಹರಳೂರು ಕಡೆ ಒಮ್ಮೆ ಗಾಡಿ ಓಡಿಸಿ ನೋಡಿ. ನಡುವೆ ಎಲ್ಲೋ ಒಂದು ಕಡೆ ಊರೇ ಬದಲಾಗುತ್ತದೆ. ಬೋರ್ಡ್ ಏನೂ ಇರೋದಿಲ್ಲ. ಅಲ್ಲಿವರೆಗೆ ಎಡಕ್ಕೊಂದು ಬಲಕ್ಕೊಂದು ಕ್ರಾಸ್ ಸಿಗುತ್ತಿತ್ತು. ಆಮೇಲೆ ಇರೋದು ಒಂದೇ ರಸ್ತೆ. ಅದೂ ಸಣ್ಣದಾಗುತ್ತಾ, ಕಾರಣವೇ ಇಲ್ಲದೆ ಎಡಕ್ಕೆ ತಿರುಗಿ ಮತ್ತೆ ಬಲಕ್ಕೆ ತಿರುಗುತ್ತದೆ, ಎರಡೂ ಕಡೆ ಎತ್ತರದ ಅಪಾರ್ಟ್‌ಮೆಂಟುಗಳು, ನಡುವೆ ಒಂದು ನೀರಿನ ಟ್ಯಾಂಕರ್ ಮತ್ತು ಒಂದು ಸ್ಕೂಲ್ ಬಸ್ ಎದುರುಬದುರಾದರೆ ಮುಗಿಯಿತು, ಹಿಂದಿರುವವರೆಲ್ಲ ಎಂಜಿನ್ ಆಫ್ ಮಾಡಿ ಫೋನ್ ತೆಗೆಯುತ್ತಾರೆ.

ಎರಡೂ ಕಡೆ ಬೀಳುವ ಮಳೆ ಒಂದೇ. ಇರುವ ಜನರೂ ಹೆಚ್ಚುಕಮ್ಮಿ ಒಂದೇ ತರದವರು, ಒಂದೇ ತರದ ಆಫೀಸುಗಳಿಗೆ ಹೋಗುವವರು. ಹಾಗಾದರೆ ಯಾಕೆ ಹೀಗೆ? ಯಾರನ್ನು ಕೇಳಿದರೂ "ಪ್ಲಾನಿಂಗ್ ಇಲ್ಲ ಸಾರ್" ಅನ್ನುತ್ತಾರೆ. ಅರ್ಧ ನಿಜ. ನನಗೆ ಅನಿಸೋದು ವಿಷಯ ಇನ್ನೂ ಸರಳ ಅಂತ. ಒಂದು ಕಡೆ ದಾರಿ ಹಾಕಿ ಆಮೇಲೆ ಮನೆ ಕಟ್ಟಿದರು. ಇನ್ನೊಂದು ಕಡೆ ಮನೆ ಕಟ್ಟಿ ಆಮೇಲೆ ದಾರಿ ಹುಡುಕಿದರು. ಅಷ್ಟೇ. ಊರಿನಲ್ಲಿ ಕಟ್ಟಡಕ್ಕೆ ಆಯಸ್ಸು ಕಮ್ಮಿ, ರಸ್ತೆಗೆ ಜಾಸ್ತಿ. ಮನೆಯನ್ನು ಮೂವತ್ತು ವರ್ಷಕ್ಕೆ ಒಡೆದು ಹೊಸದು ಕಟ್ಟಬಹುದು. ಆದರೆ ಒಂದು ಸಲ ಬಿದ್ದ ರಸ್ತೆಯ ಗೆರೆಯನ್ನು ಅಳಿಸುವವರು ಯಾರೂ ಇಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರು ಸುತ್ತೋಕೆ ಶುರು ಮಾಡಿದರೆ ಊರು ಬೇರೆಯೇ ತರ ಕಾಣುತ್ತದೆ.

ಮೊದಲು ಪೇಟೆ. 1537ರಲ್ಲಿ ಕೆಂಪೇಗೌಡರು ನಾಲ್ಕು ಜೋಡಿ ಎತ್ತು ಹೂಡಿಸಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿ, ಆ ಸಾಲಿನ ಮೇಲೆ ಬೀದಿ ಮಾಡಿಸಿದರು ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಕಥೆ ಎಷ್ಟು ನಿಜ ಅನ್ನೋದು ಇರಲಿ. ಊರು ಹುಟ್ಟಿದ ಬಗ್ಗೆ ಜನ ನೆನಪಿಟ್ಟುಕೊಂಡು ಹೇಳುತ್ತಾ ಬಂದಿರುವುದು ರಸ್ತೆ ಹಾಕಿದ ಕಥೆ, ಅದು ನನಗೆ ಬಹಳ ಇಷ್ಟ. ಎತ್ತುಗಳು ಹೊರಟವು ಎನ್ನುವ ಚೌಕ ದೊಡ್ಡಪೇಟೆ ಬೀದಿಯೂ ಚಿಕ್ಕಪೇಟೆ ಬೀದಿಯೂ ಕೂಡುವ ಜಾಗ. ದೊಡ್ಡಪೇಟೆ ಬೀದಿಗೆ ಈಗ ಅವೆನ್ಯೂ ರಸ್ತೆ ಅಂತ ಹೆಸರು. ಅಲ್ಲಿ ಕೆಂಪೇಗೌಡರ ಕಾಲದ ಮನೆ ಒಂದೂ ಇಲ್ಲ, ಅಂಗಡಿಗಳೆಲ್ಲ ಕಾಂಕ್ರೀಟು, ಮಗ್ಗಗಳ ಜಾಗದಲ್ಲಿ ಸೀರೆ ಅಂಗಡಿ, ಮದುವೆ ಕಾರ್ಡಿನ ಅಂಗಡಿ, ಹಳೇ ಪುಸ್ತಕದ ಅಂಗಡಿ. ಕುಂಬಾರಪೇಟೆಯಲ್ಲಿ ಮಡಕೆಗಿಂತ ಪ್ಲಾಸ್ಟಿಕ್ ಸಾಮಾನೇ ಜಾಸ್ತಿ. 2017ರಿಂದ ನೆಲದ ಕೆಳಗೆ ಮೆಟ್ರೋ ಓಡುತ್ತಿದೆ. ಬೀದಿಯ ಗೆರೆ ಮಾತ್ರ ಅಲ್ಲೇ ಇದೆ.

ಪೇಟೆಯ ಸುತ್ತ ಕೋಟೆ ಇತ್ತು, ಕಂದಕ ಇತ್ತು, ಯಾವ ಊರಿಗೆ ಹೋಗುವ ದಾರಿಯೋ ಆ ಊರಿನ ಹೆಸರಿನ ಬಾಗಿಲುಗಳಿದ್ದವು. ಹಲಸೂರು ಗೇಟ್ ಪೊಲೀಸ್ ಠಾಣೆ ಹಲಸೂರಿನಲ್ಲಿ ಯಾಕಿಲ್ಲ, ಟೌನ್‌ಹಾಲ್ ಹತ್ತಿರ ಯಾಕಿದೆ ಅಂತ ಹೊಸಬರು ತಲೆ ಕೆಡಿಸಿಕೊಳ್ಳುತ್ತಾರೆ. ಬಾಗಿಲು ಬಿದ್ದು ಕಾಲವಾಯಿತು, ಠಾಣೆ ಇನ್ನೂ ಅದನ್ನು ಕಾಯುತ್ತಿದೆ!

ಈ ಊರಿಗೆ ದೊಡ್ಡ ಹೊಳೆ ಇಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು. ಬೆಂಗಳೂರು ದಿಬ್ಬದ ಮೇಲೆ ಕೂತಿದೆ. ಬಿದ್ದ ಮಳೆ ಒಂದು ಕಡೆ ವೃಷಭಾವತಿ ಕಣಿವೆಗೆ ಇಳಿಯುತ್ತದೆ, ಇನ್ನೊಂದು ಕಡೆ ಹೆಬ್ಬಾಳದ ಕಣಿವೆಗೆ, ಮತ್ತೊಂದು ಕಡೆ ಕೋರಮಂಗಲ–ಚಲ್ಲಘಟ್ಟದ ಕಣಿವೆಗೆ. ಹಾಗಾಗಿ ಹಿಂದಿನವರು ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಊರೊಳಗಿನ ಕೆರೆಗಳ ಕೆಲಸ ಮುಗಿಯಿತು. ಆಮೇಲಿನ ಕಥೆ ಗೊತ್ತಿದ್ದದ್ದೇ: ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಸ್ಟೇಡಿಯಂ, ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಮೈದಾನ. ಇದನ್ನು ನಾವು ದುರಾಸೆ ಅಂತ ಬೈಯುತ್ತೇವೆ, ಬೈಯಬೇಕಾದ್ದೇ. ಆದರೆ ಕಾರಣ ಇನ್ನೊಂದಿದೆ. ತುಂಬಿದ ಊರಿನ ನಡುವೆ ಅಷ್ಟು ದೊಡ್ಡ ಬಯಲು, ಅದೂ ಪೂರ್ತಿ ಸರ್ಕಾರದ್ದು, ಯಾರ ಕೈಯಿಂದಲೂ ಕೊಳ್ಳಬೇಕಾಗಿಲ್ಲ, ಯಾರೂ ಕೋರ್ಟಿಗೆ ಹೋಗೋದಿಲ್ಲ. ಅಂಥ ಜಾಗ ಬತ್ತಿದ ಕೆರೆ ಬಿಟ್ಟರೆ ಬೇರೆ ಎಲ್ಲಿತ್ತು?

ಸಂಪಂಗಿ ಕೆರೆಯನ್ನು ಪೂರ್ತಿ ನುಂಗೋಕೆ ಮಾತ್ರ ಆಗಲಿಲ್ಲ. ಕರಗದ ಪೂಜೆಗೆ ಆ ಕೆರೆಯ ನೀರು ಬೇಕು. ಹಾಗಾಗಿ ಕ್ರೀಡಾಂಗಣದ ಪಕ್ಕದಲ್ಲಿ ಒಂದು ಚೂರು ಕೆರೆ ಇನ್ನೂ ಉಳಿದಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟು ಪೇಟೆಯ ಬೀದಿಗಳನ್ನು ಸುತ್ತುವುದನ್ನು ಒಮ್ಮೆ ಹಿಂದೆ ನಡೆದು ನೋಡಿ. ಹಳೇ ಊರು ಎಷ್ಟು ದೊಡ್ಡದಿತ್ತು ಅನ್ನೋದು ಯಾವ ನಕ್ಷೆಗಿಂತಲೂ ಚೆನ್ನಾಗಿ ಕಾಲಿಗೆ ತಿಳಿಯುತ್ತದೆ.

ಆಮೇಲೆ ದಂಡು ಬಂತು. ಶ್ರೀರಂಗಪಟ್ಟಣದಲ್ಲಿ ಸೊಳ್ಳೆ, ಜ್ವರ ಅಂತ ಬ್ರಿಟಿಷರು 1809ರಲ್ಲಿ ಸೈನ್ಯವನ್ನು ಹಲಸೂರಿನ ಹತ್ತಿರಕ್ಕೆ ತಂದರು. ಪೇಟೆಯ ಪಕ್ಕದಲ್ಲಿ ಇನ್ನೊಂದು ಊರೇ ಎದ್ದಿತು. ನಡುವೆ ಮೈದಾನ, ಸುತ್ತ ದೊಡ್ಡ ಬಂಗಲೆಗಳು, ಪಡೆಗಳ ಹೆಸರಿನ ರಸ್ತೆಗಳು: ಇನ್‌ಫೆಂಟ್ರಿ, ಬ್ರಿಗೇಡ್. ಎರಡು ಊರಿಗೆ ಎರಡು ಮುನ್ಸಿಪಾಲಿಟಿ. ನಡುವೆ 1870ರಲ್ಲಿ ಕಬ್ಬನ್ ಪಾರ್ಕ್. ಇವೆರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಕಾಗದದ ಮೇಲೆ ಸೇರಿಸೋದು ಸುಲಭ. ಆದರೆ ಇವತ್ತಿಗೂ ಎಂ.ಜಿ. ರಸ್ತೆಯಿಂದ ಕೆ.ಆರ್. ಮಾರುಕಟ್ಟೆಗೆ ನೇರ ದಾರಿ ಹುಡುಕಿ ನೋಡೋಣ. ಎಲ್ಲವೂ ಹಡ್ಸನ್ ಸರ್ಕಲ್, ಕಾರ್ಪೊರೇಷನ್ ಸರ್ಕಲ್ ಅಂತ ಒಂದೆರಡು ಕಡೆ ಬಂದು ಸಿಕ್ಕಿಕೊಳ್ಳುತ್ತದೆ. ಎರಡು ಊರುಗಳನ್ನು ಒಂದಕ್ಕೊಂದು ಹೊಂದಿಸಬೇಕು ಅಂತ ಯಾರೂ ಗೆರೆ ಎಳೆದಿರಲಿಲ್ಲ.

ಈಗ ನನಗೆ ತುಂಬಾ ಇಷ್ಟದ ಕಾಲ. ಪ್ಲೇಗಿನ ಕಾಲ ಅಂದರೆ ವಿಚಿತ್ರ ಅನಿಸಬಹುದು.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಕಿರಿದಾದ ಬೀದಿ, ಗಾಳಿ ಬೆಳಕಿಲ್ಲದ ಮನೆ, ದವಸದ ಮೂಟೆ, ಇಲಿ. ಜನ ಸತ್ತರು, ಊರು ಬಿಟ್ಟರು. ಚಾಮರಾಜಪೇಟೆ 1892ರಲ್ಲೇ ಶುರುವಾಗಿತ್ತು, ಮಲ್ಲೇಶ್ವರ ಮತ್ತು ಬಸವನಗುಡಿಯ ಯೋಚನೆಯೂ ಆ ದಶಕದ ಮೊದಲಿಂದ ಇತ್ತು, ಆದರೆ ಪೇಟೆ ಬಿಟ್ಟು ಆ ಕಾಡಿಗೆ ಯಾರು ಹೋಗುತ್ತಾರೆ ಅನ್ನುತ್ತಿದ್ದ ಜನ ಪ್ಲೇಗ್ ಬಂದಮೇಲೆ ಹೊರಟರು. ಹೊರಡುವಾಗ ಅಲ್ಲಿ ಏನಿತ್ತು? ಮನೆ ಇರಲಿಲ್ಲ. ರಸ್ತೆ ಇತ್ತು. ಅಗಲವಾದ, ನೇರವಾದ, ಒಂದನ್ನೊಂದು ಅಡ್ಡ ಹಾಯುವ ರಸ್ತೆಗಳು. ನಡುವೆ ಪಾರ್ಕಿಗೆ ಜಾಗ, ಮಾರುಕಟ್ಟೆಗೆ ಜಾಗ. ಎರಡು ಸಾಲು ಮನೆಗಳ ಹಿತ್ತಲ ನಡುವೆ ಒಂದು ಸಣ್ಣ ಗಲ್ಲಿ, ಅದೇ ಕನ್ಸರ್ವೆನ್ಸಿ. ಆಗ ಫ್ಲಶ್ ಇರಲಿಲ್ಲ, ಮಲ ಹೊರುವವರು ಮುಂದಿನ ರಸ್ತೆಗೆ ಕಾಣಿಸದ ಹಾಗೆ ಹಿಂದಿನಿಂದ ಬಂದು ಹೋಗಬೇಕಿತ್ತು. ಆ ಗಲ್ಲಿಯ ಹಿಂದೆ ಶುಚಿಯ ಲೆಕ್ಕವೂ ಇತ್ತು, ಜಾತಿಯ ಲೆಕ್ಕವೂ ಇತ್ತು. ಮಲ್ಲೇಶ್ವರವನ್ನು ಹೊಗಳುವಾಗ ನಾವು ಅದನ್ನು ಬಿಟ್ಟುಬಿಡುತ್ತೇವೆ.

ಕಾಡು ಮಲ್ಲೇಶ್ವರ ಗುಡಿಯಲ್ಲಿ 1669ರ ಶಾಸನ ಇದೆ, ಅಂದರೆ ಊರು ಅಲ್ಲಿಗೆ ಬರುವ ಮೊದಲೇ ದೇವರು ಅಲ್ಲಿದ್ದ. ಗುಡಿ ಇದ್ದ ಹಾಗೇ ಇತ್ತು, ಹೊಸ ರಸ್ತೆಗಳು ಅದರ ಸುತ್ತ ಬಂದವು. ಒಂದನೇ ಕ್ರಾಸಿನಿಂದ ಹದಿನೆಂಟನೇ ಕ್ರಾಸ್ ತನಕ, ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ.

ನೂರಿಪ್ಪತ್ತು ವರ್ಷದ ಮೇಲಾಯಿತು. ಅಂಗಳ, ಜಗಲಿ, ಮಂಗಳೂರು ಹೆಂಚು ಇದ್ದ ಮನೆಗಳು ಬಹಳಷ್ಟು ಹೋದವು. ಅಜ್ಜ ಕಟ್ಟಿದ ಒಂದು ಮನೆ ಇದ್ದ ಸೈಟಿನಲ್ಲಿ ಮೊಮ್ಮಕ್ಕಳು ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡು ನಾಲ್ಕು ಮಹಡಿ ಎಬ್ಬಿಸಿದ್ದಾರೆ. ಒಂದು ಮನೆಯವರು ಇದ್ದಲ್ಲಿ ಎಂಟು ಮನೆಯವರು, ಜಟಕಾ ಬರುತ್ತಿದ್ದಲ್ಲಿ ಹನ್ನೆರಡು ಕಾರು. ಆದರೂ ಮಲ್ಲೇಶ್ವರ ನಡೆಯುತ್ತಿದೆ. ಹದಿಮೂರನೇ ಕ್ರಾಸ್ ಅಗೆದು ಹಾಕಿದರೆ ಹದಿನಾಲ್ಕರಲ್ಲಿ ಹೋಗುತ್ತೀವಿ. ಹಬ್ಬದ ದಿನ ಎಂಟನೇ ಕ್ರಾಸ್ ತುಂಬಿದರೆ ಬೈದುಕೊಂಡು ಆರಕ್ಕೆ ತಿರುಗುತ್ತೀವಿ. ಅಗಲದ ರಸ್ತೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಪ್ರಕಾರ ಅಗಲಕ್ಕಿಂತ ದೊಡ್ಡ ವಿಷಯ ಇದು: ಒಂದು ದಾರಿ ಮುಚ್ಚಿದರೆ ಇನ್ನೊಂದು ಇರಬೇಕು. ಆ ರಸ್ತೆಗಳ ಗೆರೆ ಎಳೆದವರು ಕಾರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ, ಗಾಳಿ ಬೆಳಕನ್ನು ಇಟ್ಟುಕೊಂಡಿದ್ದರು. ಇಷ್ಟು ವರ್ಷ ಆದಮೇಲೆ ಅದೇ ಗೆರೆ ಕಾರಿಗೂ ಕೆಲಸಕ್ಕೆ ಬಂತು.

ಕನ್ಸರ್ವೆನ್ಸಿಗಳ ಕಥೆ ಬೇಜಾರಿನದು. ಎಷ್ಟೋ ಕಡೆ ಎರಡೂ ಕಡೆಯವರು ಒಂದೊಂದು ಅಡಿ ನುಂಗಿ ಗಲ್ಲಿಯೇ ಮಾಯ. ಉಳಿದ ಕಡೆ ಕಸ, ಸ್ಕೂಟರು.

ಸ್ವಾತಂತ್ರ್ಯದ ಹೊತ್ತಿಗೆ ಊರು ಒಮ್ಮೆಲೇ ಉಬ್ಬಿತು. 1941ರಲ್ಲಿ ಸುಮಾರು 4 ಲಕ್ಷ ಇದ್ದ ಜನ 1951ಕ್ಕೆ ಹತ್ತಿರ ಹತ್ತಿರ 8 ಲಕ್ಷ. ಎಚ್‌ಎಎಲ್ 1940ರಲ್ಲಿ ಬಂತು, ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಒಂದೊಂದು ಕಾರ್ಖಾನೆಗೂ ಒಂದೊಂದು ಕಾಲೊನಿ, ಸುತ್ತ ಉದ್ದನೆಯ ಕಾಂಪೌಂಡು. ಈ ಕಾಂಪೌಂಡುಗಳ ಬಗ್ಗೆ ಯಾರೂ ಅಷ್ಟು ಮಾತಾಡೋದಿಲ್ಲ. ಕಾರ್ಖಾನೆ, ಸೈನ್ಯದ ಜಾಗ, ಅರಮನೆ ಮೈದಾನ, 371 ಎಕರೆಯ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ), ಇವೆಲ್ಲ ಊರ ಹೊರಗಿದ್ದಾಗ ಯಾರಿಗೂ ಅಡ್ಡ ಬರಲಿಲ್ಲ. ಊರು ಬೆಳೆದು ಅವುಗಳನ್ನು ಸುತ್ತುವರಿದ ಮೇಲೆ ರಸ್ತೆಗಳು ಅಲ್ಲಿಗೆ ಬಂದು ಪಕ್ಕಕ್ಕೆ ತಿರುಗಬೇಕಾಯಿತು. ಮರ ಉಳಿದಿದ್ದೂ ಅದೇ ಕಾಂಪೌಂಡುಗಳ ಒಳಗೆ ಅನ್ನೋದನ್ನೂ ಹೇಳಬೇಕು ಬಿಡಿ.

1945ರಲ್ಲಿ ಬಡಾವಣೆ ಮಾಡೋಕೆ ಸಿಐಟಿಬಿ ಅಂತ ಒಂದು ಸರ್ಕಾರಿ ಮಂಡಳಿ ಬಂತು. ಅದೇ 1976ರಲ್ಲಿ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆಯಿತು. ಜಯನಗರ, ರಾಜಾಜಿನಗರ, ಇಂದಿರಾನಗರ, ಕೋರಮಂಗಲ, ಎಚ್‌ಎಸ್‌ಆರ್, ಎಲ್ಲ ಈ ಎರಡರ ಕೈಯಿಂದ ಬಂದದ್ದು. ಮಾಡುವ ರೀತಿ ಸರಳ: ಒಂದಷ್ಟು ಹಳ್ಳಿಗಳ ಹೊಲ ಪೂರ್ತಿ ಸ್ವಾಧೀನ ಮಾಡಿಕೊಳ್ಳೋದು, ಬದು, ಸರ್ವೇ ನಂಬರು, ಹಿಸ್ಸಾ ಎಲ್ಲ ಅಳಿಸೋದು, ಖಾಲಿ ಹಾಳೆಯ ಮೇಲೆ ಹೊಸದಾಗಿ ಮೇನು, ಕ್ರಾಸು, ಪಾರ್ಕು, 30x40, 40x60 ಬರೆಯೋದು. ಹಳ್ಳಿಯ ಮನೆಗಳಿದ್ದ ಗ್ರಾಮಠಾಣಾ ಮಾತ್ರ ಮುಟ್ಟುತ್ತಿರಲಿಲ್ಲ. ಅದಕ್ಕೇ ಜಯನಗರದ ನೇರ ರಸ್ತೆಗಳ ನಡುವೆ ಯಡಿಯೂರು ಸಿಗುತ್ತದೆ, ಕೋರಮಂಗಲ ಬಡಾವಣೆಯ ಮಧ್ಯೆ ಕೋರಮಂಗಲ ಹಳ್ಳಿಯೇ ಸಿಗುತ್ತದೆ. ಇದ್ದಕ್ಕಿದ್ದಂತೆ ಬೀದಿ ಸಣ್ಣದಾಗಿ, ಒಂದು ಅರಳಿಕಟ್ಟೆ, ಒಂದು ಮಾರಮ್ಮನ ಗುಡಿ, ಮನೆ ಮುಂದೆ ಹಸು ಕಂಡರೆ ಹಳ್ಳಿಯೊಳಗೆ ಬಂದಿರಿ ಅಂತ ಲೆಕ್ಕ. ಬಾಡಿಗೆ ಕಮ್ಮಿ ಇರೋದೂ ಅಲ್ಲೇ. ಪಕ್ಕದ ಬಂಗಲೆಗಳಲ್ಲಿ ಕೆಲಸ ಮಾಡುವವರು ಇರೋದೂ ಅಲ್ಲೇ.

ಈಗ ಹರಳೂರಿಗೆ ಬರೋಣ.

1990ರ ದಶಕದಲ್ಲಿ ಊರು ಬಿಡಿಎಗಿಂತ ವೇಗವಾಗಿ ಓಡಿತು. ಬಿಡಿಎ ಸೈಟಿಗೆ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಸಿಗದೇ ಇದ್ದವರು ಏನು ಮಾಡಬೇಕು? ರೆವಿನ್ಯೂ ಸೈಟು, ಅಂದರೆ ನಕ್ಷೆ ಪಾಸಾಗದೆ ಹೊಲದಲ್ಲೇ ಹೊಡೆದ ಸೈಟು. ಒಬ್ಬ ರೈತರಿಗೆ ಎರಡು ಎಕರೆ ಹತ್ತು ಗುಂಟೆ ಇದೆ ಅಂದುಕೊಳ್ಳಿ. ಒಂದು ಗುಂಟೆ ಅಂದರೆ 1089 ಚದರ ಅಡಿ, ಅಂದರೆ ಒಂದು 30x40 ಸೈಟಿಗೆ ಸ್ವಲ್ಪ ಕಮ್ಮಿ. ಒಬ್ಬ ಏಜೆಂಟ್ ಬಂದು ಆ ಜಮೀನು ತಗೊಂಡು ನಡುವೆ ಇಪ್ಪತ್ತಡಿಯ ಒಂದು ರಸ್ತೆ ಬಿಟ್ಟು ಎರಡೂ ಕಡೆ ಸೈಟು ಹೊಡೆಯುತ್ತಾನೆ. ಆ ರಸ್ತೆ ಎಲ್ಲಿ ಮುಗಿಯುತ್ತದೆ? ಜಮೀನಿನ ಬದುವಿನಲ್ಲಿ. ಬದುವಿನ ಆಚೆ ಬೇರೆ ಸರ್ವೇ ನಂಬರು, ಬೇರೆ ಯಜಮಾನ, ಬೇರೆ ಏಜೆಂಟ್. ಅವನು ತನ್ನ ರಸ್ತೆಯನ್ನು ಬೇರೆ ದಿಕ್ಕಿಗೆ ಹಾಕಿರುತ್ತಾನೆ. ಇವನ ರಸ್ತೆಗೆ ಅವನ ರಸ್ತೆ ಸೇರಿಸಿದರೆ ಇಬ್ಬರಿಗೂ ಒಂದೊಂದು ಸೈಟು ನಷ್ಟ. ಯಾರು ಬಿಡುತ್ತಾರೆ? ಬದು ಹೋಗಿ ಕಾಂಪೌಂಡ್ ಆಯಿತು. ಅಪಾರ್ಟ್‌ಮೆಂಟ್ ಕಟ್ಟುವವರು ಬಂದಮೇಲೂ ಇದೇ ಕಥೆ. ನಾಲ್ಕೈದು ಜಮೀನು ಸೇರಿಸಿಕೊಂಡರು, ಒಳಗೆ ಈಜುಕೊಳ, ವಾಕಿಂಗ್ ಟ್ರ್ಯಾಕ್ ಎಲ್ಲ ಮಾಡಿದರು. ಹೊರಗಿನ ದಾರಿ ಮಾತ್ರ ಹಳೇದೇ.

ಆ ಹಳೇ ದಾರಿ ಯಾವುದು? ಬಂಡಿದಾರಿ. ಹಳ್ಳಿಯಿಂದ ಹಳ್ಳಿಗೆ ಎತ್ತಿನ ಗಾಡಿ ಹೋಗುತ್ತಿದ್ದದ್ದು. ಮೈಸೂರು ಸಂಸ್ಥಾನದ ಕಾಲದ ಅಳತೆಯಲ್ಲೇ ಅದು ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿ ಇರುತ್ತದೆ, ಕಂದಾಯದವರ ಬಾಯಲ್ಲಿ "ನಕಾಶೆ ಕಂಡ ದಾರಿ". ಗಾಡಿಯವನು ಬೆಳೆ ತುಳಿಯದೆ ಬದುವಿನ ಪಕ್ಕದಲ್ಲಿ ಹೋಗುತ್ತಿದ್ದ, ಕುಂಟೆ ಸಿಕ್ಕರೆ ಸುತ್ತಿಕೊಂಡು ಹೋಗುತ್ತಿದ್ದ, ಕೆರೆ ಏರಿ ಸಿಕ್ಕರೆ ಏರಿಯ ಮೇಲೆ ಹತ್ತುತ್ತಿದ್ದ. ಹರಳೂರು, ಕಸವನಹಳ್ಳಿ, ಪಣತ್ತೂರು ಕಡೆಯ ಆ ಅರ್ಥವಿಲ್ಲದ ತಿರುವುಗಳೆಲ್ಲ ಹೀಗೆ ಬಂದದ್ದು. ನೀವು ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿ ಒಂದು ಕಾಲಕ್ಕೆ ಯಾರದೋ ರಾಗಿ ಹೊಲದ ಮೂಲೆ ಇತ್ತು. ಈಗ ಹೊಲ ಇಲ್ಲ, ರಾಗಿ ಇಲ್ಲ, ಮೂಲೆ ಇದೆ.

ನಾನು ಆ ಕಡೆ ಕೆಲವು ಕಾಲ ಬಾಡಿಗೆಗೆ ಇದ್ದೆ. ನಮ್ಮ ಬಾಲ್ಕನಿಯಿಂದ ಪಕ್ಕದ ಲೇಔಟಿನ ತರಕಾರಿ ಅಂಗಡಿ ಕಾಣುತ್ತಿತ್ತು. ಕೂಗಿದರೆ ಅಂಗಡಿಯವರಿಗೆ ಕೇಳಿಸುತ್ತಿತ್ತು. ಆದರೆ ನಡುವೆ ಗೋಡೆ. ಕೊತ್ತಂಬರಿ ಸೊಪ್ಪು ತರೋಕೆ ಮೇನ್ ರೋಡಿಗೆ ಬಂದು, ಫುಟ್‌ಪಾತ್ ಇಲ್ಲದ ಅಂಚಿನಲ್ಲಿ ಟ್ಯಾಂಕರ್‌ಗಳಿಗೆ ಹೆದರುತ್ತಾ ನಡೆದು, ಆ ಲೇಔಟಿನ ಗೇಟಿನಿಂದ ಒಳಗೆ ಹೋಗಬೇಕು. ಹಾಗಾಗಿ ಎಲ್ಲರೂ ಗಾಡಿ ತೆಗೆಯುತ್ತಿದ್ದರು. ಮೇನ್ ರೋಡಿನ ಟ್ರಾಫಿಕ್ಕಿನಲ್ಲಿ ದೂರ ಹೋಗುವವರ ಜೊತೆ ಹೀಗೆ ಕೊತ್ತಂಬರಿಗೆ ಹೊರಟವರೂ ಎಷ್ಟೋ ಜನ ಇರುತ್ತಾರೆ. ಇದನ್ನು ಯಾವ ಫ್ಲೈಓವರ್ ಸರಿ ಮಾಡುತ್ತದೆ ಹೇಳಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ನೆಲದ ಕೆಳಗೆ ಸುರಂಗ ಕೊರೆಯುವ ಮಾತು ನಡೆಯುತ್ತಿದೆ. ಕೊರೆದರೂ ಸುರಂಗದಿಂದ ಹೊರಗೆ ಬಂದಮೇಲೆ ಮನೆಗೆ ಹೋಗೋಕೆ ಇರೋದು ಅದೇ ಬಂಡಿದಾರಿ.

ಹೊರ ವರ್ತುಲ ರಸ್ತೆಯದ್ದೂ ವಿಚಿತ್ರ ಕಥೆಯೇ. ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಅಂತ ಸುಮಾರು 60 ಕಿಲೋಮೀಟರಿನ ರಸ್ತೆ. 2000ದ ಆಚೀಚೆ ಒಂದೊಂದು ಭಾಗವಾಗಿ ಮುಗಿಯಿತು. ಆಗ ಮಾರತ್ತಹಳ್ಳಿ, ಬೆಳ್ಳಂದೂರು ಕಡೆ ಎರಡೂ ಬದಿ ಹೊಲ. ಒಳ್ಳೆ ರಸ್ತೆ ಇರೋದೇ ಅದೊಂದು ಅಂತಾದಾಗ ಟೆಕ್ ಪಾರ್ಕುಗಳೆಲ್ಲ ಅದರ ಮೇಲೇ ಬಂದು ಕೂತವು. ಬೈಪಾಸ್ ಹೋಗಿ ಪೇಟೆಬೀದಿ ಆಯಿತು. ಅದರ ಹಿಂದೆ ಕ್ರಾಸ್ ರಸ್ತೆಗಳ ಜಾಲ ಹಾಕುವ ಕೆಲಸ ಆಗಲೇ ಇಲ್ಲ. ಇನ್ನೊಂದು ವಿಷಯ. ಆ ರಸ್ತೆ ಕಣಿವೆಗೆ ಅಡ್ಡ ಹೋಗುತ್ತದೆ. ಮೇಲಿನ ಕೆರೆಗಳಿಂದ ಬೆಳ್ಳಂದೂರು, ವರ್ತೂರು ಕಡೆ ಇಳಿಯುವ ನೀರು ರಾಜಕಾಲುವೆಯಲ್ಲಿ ಬಂದು ಅದನ್ನು ದಾಟಬೇಕು. ರಾಜಕಾಲುವೆ ಸಣ್ಣದಾಗಿದೆ, ಕೆಲವು ಕಡೆ ಮೇಲೆ ಕಟ್ಟಡವೇ ಇದೆ. 2022ರ ಸೆಪ್ಟೆಂಬರಿನಲ್ಲಿ ಏನಾಯಿತು ಅಂತ ಎಲ್ಲರೂ ಟೀವಿಯಲ್ಲಿ ನೋಡಿದರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ನೀರು ತನ್ನ ಹಳೇ ನಕ್ಷೆ ಮರೆತಿರಲಿಲ್ಲ.

ವೈಟ್‌ಫೀಲ್ಡ್ ಇನ್ನೂ ಮಜಾ. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಮಾಡಿದ ಊರು, ನಡುವೆ ಗುಂಡಗಿನ ಇನ್ನರ್ ಸರ್ಕಲ್ ಇನ್ನೂ ಇದೆ. ಪಕ್ಕದಲ್ಲಿ ಕೈಗಾರಿಕಾ ಪ್ರದೇಶ ತನ್ನದೇ ಲೆಕ್ಕದಲ್ಲಿ, ಐಟಿಪಿಎಲ್ ಎಂಬ ಟೆಕ್ ಪಾರ್ಕ್ ತನ್ನದೇ ಗೇಟಿನೊಳಗೆ, ಹೂಡಿ, ಕಾಡುಗೋಡಿ, ಪಟ್ಟಂದೂರು ಅಗ್ರಹಾರ ಹಳ್ಳಿಗಳು ತಮ್ಮ ಪಾಡಿಗೆ. ಒಂದಕ್ಕೂ ಇನ್ನೊಂದಕ್ಕೂ ಮಾತಿಲ್ಲ.

ಇಷ್ಟು ಹೇಳಿದ ಮೇಲೆ "ಹಾಗಾದರೆ ಎಲ್ಲವನ್ನೂ ಬಿಡಿಎ ತರ ಸ್ವಾಧೀನ ಮಾಡಿಕೊಳ್ಳಬೇಕಿತ್ತು" ಅನ್ನಬಹುದು. ಅಷ್ಟು ಸಲೀಸಲ್ಲ. ಜಯನಗರದ ನೇರ ರಸ್ತೆಗಳ ಕೆಳಗೆ ಯಾರದೋ ಹೊಲ ಇದೆ. ರೈತರಿಗೆ ಸಿಕ್ಕ ಪರಿಹಾರ ಮುಂದೆ ಆ ಸೈಟುಗಳಿಗೆ ಬಂದ ಬೆಲೆಯ ಮುಂದೆ ಏನೂ ಅಲ್ಲ. ಹೊಲದ ಒಡೆಯನಾಗಿದ್ದವನ ಮಗ ಅದೇ ಬಡಾವಣೆಯ ಬಂಗಲೆಗೆ ವಾಚ್‌ಮನ್ ಆದ ಕಥೆಗಳು ಬೆಂಗಳೂರಿನ ಸುತ್ತ ಯಾವ ಹಳ್ಳಿಯಲ್ಲಿ ಕೇಳಿದರೂ ಸಿಗುತ್ತವೆ. ರೆವಿನ್ಯೂ ಸೈಟ್ ಮಾಡಿ ಮಾರಿದ ರೈತರಿಗೆ ಕೈಗೆ ದುಡ್ಡಾದರೂ ಬಂತು. ಅವರನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಅರ್ಕಾವತಿ ಬಡಾವಣೆ ಎರಡು ದಶಕದ ಹಿಂದೆ ಶುರುವಾಗಿ ಕೋರ್ಟು ಕಚೇರಿಯಲ್ಲಿ ಎಳೆದಾಡಿದ್ದು ಸುಮ್ನೆ ಅಲ್ಲ. ಈಗೀಗ ಅಭಿವೃದ್ಧಿಯಾದ ಜಾಗದಲ್ಲಿ ಶೇ. 40 ಪಾಲು ಜಮೀನು ಕೊಟ್ಟವರಿಗೇ ಕೊಡುವ ಪದ್ಧತಿ ಬಂದಿದೆ, ಕೆಂಪೇಗೌಡ ಬಡಾವಣೆಯಲ್ಲಿ ಮಾಡಿದ ಹಾಗೆ.

ಅಹಮದಾಬಾದಿನವರು ಬೇರೆ ದಾರಿ ಹಿಡಿದರು. 1915ರ ಬಾಂಬೆ ಕಾಯಿದೆಯ ಕಾಲದಿಂದ ಬಂದದ್ದು ಅದು. ಒಂದು ಪ್ರದೇಶದ ಎಲ್ಲ ಜಮೀನುಗಳನ್ನೂ ಒಟ್ಟಿಗೆ ಇಟ್ಟು, ಪ್ರತಿಯೊಬ್ಬರಿಂದಲೂ ಒಂದು ಪಾಲು ರಸ್ತೆಗೆ, ಪಾರ್ಕಿಗೆ ಅಂತ ಕಳೆದು, ಉಳಿದದ್ದನ್ನು ಚೌಕವಾದ ತುಂಡು ಮಾಡಿ ಅದೇ ಮಾಲೀಕರಿಗೆ ಹಿಂದಕ್ಕೆ ಕೊಡುತ್ತಾರೆ. ಜಾಗ ಕಮ್ಮಿಯಾಗುತ್ತದೆ, ಬೆಲೆ ಜಾಸ್ತಿಯಾಗುತ್ತದೆ, ರೈತ ಊರು ಬಿಡಬೇಕಾಗಿಲ್ಲ. ಅಲ್ಲಿನ 76 ಕಿಲೋಮೀಟರ್ ವರ್ತುಲ ರಸ್ತೆಗೂ ಬಹಳಷ್ಟು ಜಾಗ ಹೀಗೇ ಸಿಕ್ಕಿತು. ನಮ್ಮಲ್ಲಿ ಇದು ಬೇರು ಬಿಡಲೇ ಇಲ್ಲ. ಎರಡೇ ಗೊತ್ತು ನಮಗೆ: ಪೂರ್ತಿ ಕಿತ್ತುಕೊಳ್ಳೋದು, ಇಲ್ಲಾಂದ್ರೆ ಪೂರ್ತಿ ಬಿಟ್ಟುಬಿಡೋದು. ಅಹಮದಾಬಾದಿನಲ್ಲಿ ಎಲ್ಲ ಸರಿ ಇದೆ ಅಂತಲ್ಲ. ಆದರೆ ದಾರಿ ಮೊದಲು ಅನ್ನುವ ವಿಷಯದಲ್ಲಿ ಅವರು ನಮಗಿಂತ ಮುಂದಿದ್ದಾರೆ.

ನಾವು ಮಾಡಿದ್ದು ಗಡಿ ಹಿಗ್ಗಿಸೋದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. 226 ಚದರ ಕಿಲೋಮೀಟರ್ ಇದ್ದ ಊರು ಒಂದೇ ಏಟಿಗೆ 700ರ ಮೇಲೆ ಹೋಯಿತು. ಆಗಲೇ ಮನೆಗಳು ಎದ್ದಿದ್ದವು, ಗೆರೆಗಳು ಬಿದ್ದಿದ್ದವು. ಕನ್ವರ್ಷನ್ ಆಗದ, ಅಂದರೆ ಕಾಗದದಲ್ಲಿ ಇನ್ನೂ ಹೊಲವೇ ಆಗಿದ್ದ, ನಕ್ಷೆ ಪಾಸಾಗದ ಸೈಟುಗಳಿಗೆ ಬಿ ಖಾತಾ ಅಂತ ಒಂದು ಪುಸ್ತಕ ಇಟ್ಟು ತೆರಿಗೆ ವಸೂಲಿ ಶುರುವಾಯಿತು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯನ್ನೇ ಒಡೆದು ಐದು ಪಾಲಿಕೆ ಮಾಡಿದ್ದಾರೆ. ಒಳ್ಳೆಯದೇ ಇರಬಹುದು. ಪಣತ್ತೂರಿನವರಿಗೆ ಅರ್ಜಿ ಕೊಡೋಕೆ ಆಫೀಸು ಹತ್ತಿರವಾಗುತ್ತದೆ, ಆಫೀಸಿಗೆ ಹೋಗುವ ದಾರಿ ಅದೇ.

ಇದೆಲ್ಲ ಹಳೇ ಕಥೆ ಅಂದುಕೊಳ್ಳಬೇಡಿ. ದೇವನಹಳ್ಳಿಯ ಆಚೆ, ದೊಡ್ಡಬಳ್ಳಾಪುರ ರಸ್ತೆಯಲ್ಲಿ, ಸರ್ಜಾಪುರದಿಂದ ಮುಂದೆ ಅತ್ತಿಬೆಲೆ ಕಡೆ, ಈ ವಾರವೂ ಯಾರೋ ಒಂದು ಸರ್ವೇ ನಂಬರಿಗೆ ಸುಣ್ಣದ ಪುಡಿ ಹಾಕಿ ಸೈಟು ಗುರುತು ಮಾಡುತ್ತಿದ್ದಾರೆ. ಭಾನುವಾರ ಎಸಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಊಟ ಹಾಕಿ ತೋರಿಸುತ್ತಾರೆ. ಕಮಾನು ಜೋರಾಗಿರುತ್ತದೆ, ಒಳಗೆ ಟಾರ್ ರಸ್ತೆ ಮಿಂಚುತ್ತಿರುತ್ತದೆ.

ಹೋಗುವವರು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹೋಗಿ. ಸರ್ಕಾರದ್ದೇ, ದುಡ್ಡಿಲ್ಲ. ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ, ಪಕ್ಕದ ಜಮೀನುಗಳ ಗಡಿ ತೋರಿಸುತ್ತದೆ, ಕೆರೆ, ಕಾಲುವೆಯ ಗೆರೆಗಳೂ ಕಾಣುತ್ತವೆ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಹಳೇ ಗ್ರಾಮ ನಕಾಶೆಯೂ ಸಿಗುತ್ತದೆ, ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಕಮಾನಿನಿಂದ ಹೊರಗೆ ಬರುವ ರಸ್ತೆ ನಕಾಶೆಯಲ್ಲಿ ಇದೆಯೋ, ಇಲ್ಲಾ ಯಾರದೋ ಹೊಲದ ಮೇಲೆ ಬಾಯಿಮಾತಿನಲ್ಲಿ ಬಿಟ್ಟದ್ದೋ ನೋಡಿ. ಲೇಔಟಿನ ಹಿಂದಿನ ತುದಿಗೆ ನಡೆದುಕೊಂಡು ಹೋಗಿ, ರಸ್ತೆ ಗೋಡೆಗೆ ಬಂದು ನಿಂತಿದ್ದರೆ ಗೋಡೆ ಆಚೆ ಯಾರ ಜಮೀನು, ಅವರ ರಸ್ತೆ ಎಲ್ಲಿ ಬರುತ್ತದೆ ಅಂತ ಏಜೆಂಟನ್ನು ಕೇಳಿ. "ಮುಂದೆ ಕನೆಕ್ಟ್ ಆಗುತ್ತೆ ಸಾರ್" ಅಂತಾನೆ. ಯಾವ ಸರ್ವೇ ನಂಬರಿನಲ್ಲಿ ಕನೆಕ್ಟ್ ಆಗುತ್ತದೆ ಅಂತ ಬರೆದು ಕೊಡೋಕೆ ಹೇಳಿ ನೋಡಿ.